ಸೀಮೆಎಣ್ಣೆಗೆ ನೀರಿನ ನ್ಯಾಯ

ರವಿಕೆಗೊಂದು ಗುಂಡಿ ಹುಡುಕಲು ಹೋದರೆ ನನಗೆ ಅರ್ಧ ದಿನ ಬೇಕು. ಗುಂಡಿ ಸಿಗುವುದಿಲ್ಲ ಅಂತಲ್ಲ, ಗುಂಡಿಯ ಜೊತೆಗೆ ಬೇರೆಯದೆಲ್ಲ ಸಿಗುತ್ತದಲ್ಲ, ಅದರ ತಾಪತ್ರಯ. ನನ್ನ ಹತ್ತಿರ ಹಳೆಯ ಬಿಸ್ಕತ್ತಿನ ಡಬ್ಬವೊಂದಿದೆ. ಅದರಲ್ಲಿ ಬಿಸ್ಕತ್ತು ಬಿಟ್ಟು ಇನ್ನೆಲ್ಲ ಉಂಟು: ಒಂಟಿ ಓಲೆ, ತುಕ್ಕು ಹಿಡಿದ ಹುಕ್ಕು, ಹಲ್ಲು ಹೋದ ಬಾಚಣಿಗೆ, ಯಾರದೋ ಮದುವೆಯ ಕಂಕಣದ ದಾರ. ಮೊನ್ನೆ ಅದರೊಳಗೆ ಕೈ ಹಾಕಿ ತಡಕುತ್ತಿದ್ದಾಗ ಬೆರಳಿಗೆ ಏನೋ ಚುಚ್ಚಿತು. ತೆಗೆದು ನೋಡಿದರೆ ಸ್ಟೌ ಪಿನ್ನು.

ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು, "ಅಜ್ಜಿ, ಇದು ಮೊಬೈಲಿನಿಂದ ಸಿಮ್ ತೆಗೆಯೋ ಪಿನ್ನಾ?" ಅಂದಳು. ಅವಳ ತಪ್ಪಲ್ಲ ಬಿಡಿ. ಬೆರಳುದ್ದದ ತಗಡಿನ ಪಟ್ಟಿ, ಅದರ ತುದಿಗೆ ಕೂದಲೆಳೆಯಷ್ಟು ತೆಳ್ಳಗಿನ ತಂತಿ. ಪಂಪು ಹೊಡೆದು ಉರಿಸುವ ಹಿತ್ತಾಳೆಯ ಸ್ಟೌ ಒಂದು ಕಾಲದಲ್ಲಿತ್ತು. ಅದರ ಬಾಯಲ್ಲಿ ಮಸಿ ಕಟ್ಟಿ ಸೀಮೆಎಣ್ಣೆ ಬರದೆ ಹೋದಾಗ ಈ ತಂತಿಯಿಂದ ಚುಚ್ಚಿ ಬಿಡಿಸಬೇಕಿತ್ತು. ನನ್ನ ಹತ್ತಿರ ಇರುವ ಪಿನ್ನಿನ ತಂತಿ ಸೊಟ್ಟಗಾಗಿದೆ. ಸೊಟ್ಟ ಮಾಡಿದವಳು ನಮ್ಮ ಅವ್ವ.

ಅದೇ ದಿನ ಗ್ಯಾಸ್ ಸಿಲಿಂಡರು ಬರಲಿಲ್ಲ. ಎಲ್ಲೋ ಯುದ್ಧವಂತೆ, ಹಡಗು ಬರುತ್ತಿಲ್ಲವಂತೆ, ತಡವಾಗುತ್ತದಂತೆ ಎಂದು ನನ್ನ ಮಗ ಫೋನು ನೋಡಿಕೊಂಡು ಹೇಳಿದ. ನಾನು ಪಿನ್ನು ಹಿಡಿದುಕೊಂಡೇ, "ಕಾಲುವೆ ಮುಚ್ಚಿದ್ದಾರೇನೋ?" ಎಂದೆ. ಮನೆಯವರೆಲ್ಲ ನಕ್ಕರು. ನಗಲಿ. ಎಂಬತ್ತು ದಾಟಿದವಳು ನಗಿಸುವುದಕ್ಕಾದರೂ ಪ್ರಯೋಜನಕ್ಕೆ ಬರಬೇಕಲ್ಲ. ಆದರೆ ಆ ಪ್ರಶ್ನೆಯನ್ನು ನಾನು ತಮಾಷೆಗೆ ಕೇಳಿರಲಿಲ್ಲ.

ನಮ್ಮೂರು ಕೃಷ್ಣರಾಜನಗರಕ್ಕೂ ಭೇರ್ಯಕ್ಕೂ ನಡುವೆ ಒಂದು ಪುಟ್ಟ ಹಳ್ಳಿ. ಹಿತ್ತಲ ಬಾಗಿಲು ತೆಗೆದರೆ ನಾಲೆ ಕಾಣುತ್ತಿತ್ತು. ನಮ್ಮ ಅಪ್ಪ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಒಂದು ಲೋಟ ಕಾಫಿ ಕುಡಿದು ಹೊರಟರೆ ಮೊದಲು ಹೋಗುತ್ತಿದ್ದುದು ತಮ್ಮ ಗದ್ದೆಗಲ್ಲ, ನಾಲೆಯ ಏರಿಗೆ. ಯಾರ ಗದ್ದೆಗೆ ಯಾವಾಗ ನೀರು ಎಂಬ ಸರದಿಯನ್ನು ಊರಿನಲ್ಲಿ ತೀರ್ಮಾನ ಮಾಡುತ್ತಿದ್ದವರು ಅವರು. ಸರ್ಕಾರ ಕೊಟ್ಟ ಕೆಲಸವಲ್ಲ, ಊರು ಒಪ್ಪಿಸಿದ್ದು. ಅಪ್ಪನ ನ್ಯಾಯ ಒಂದೇ ಮಾತಿನದು: ನೀರು ಕಡಿಮೆಯಾದಾಗ ನಾಲೆಯ ಬಾಯಿಯ ಹತ್ತಿರ ಇರುವ ಮೇಲ್ಗದ್ದೆಯವನು ಮೊದಲು ತನ್ನ ತೂಬು ಮುಚ್ಚಬೇಕು, ನೀರು ಮೊದಲು ಕೊನೆಗದ್ದೆಗೆ ಹೋಗಬೇಕು. ನಮ್ಮದು ಮೇಲ್ಗದ್ದೆ. ಹಾಗಾಗಿ ಬರ ಬಂದಾಗಲೆಲ್ಲ ಮೊದಲು ಮುಚ್ಚುತ್ತಿದ್ದುದು ನಮ್ಮ ತೂಬೇ. ಅವ್ವ ಗೊಣಗುತ್ತಿದ್ದಳು. "ಊರಿಗುಪಕಾರಿ, ಮನೆಗೆ ಮಾರಿ" ಎನ್ನುವುದು ಅವಳ ಮಾಮೂಲು ಮಂತ್ರ. ಆದರೆ ಆಮೇಲೆ ನಾಲೆಯಲ್ಲಿ ನೀರು ಬಂದೇ ಬರುತ್ತಿತ್ತು, ನಮ್ಮ ಗದ್ದೆಯೂ ಹಸಿರಾಗುತ್ತಿತ್ತು, ಅಪ್ಪ ಮೀಸೆಯಡಿಯಲ್ಲಿ ನಗುತ್ತಿದ್ದರು.

ಅಣ್ಣನಿಗೆ ಮೈಸೂರಿನಲ್ಲಿ ಹೆಣ್ಣು ನೋಡಲು ಹೋದಾಗ ನಾನೂ ಹೋಗಿದ್ದೆ. ಹೋಗಿದ್ದು ಹೆಣ್ಣು ನೋಡುವುದಕ್ಕಲ್ಲ, ಮೈಸೂರು ನೋಡುವುದಕ್ಕೆ. ಹುಡುಗಿಯ ಹೆಸರು ಗಿರಿಜಾ. ಅವರ ತಂದೆ ಬಟ್ಟೆಯಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಮೆತ್ತಗಿನ ಮನುಷ್ಯ. ಉಪ್ಪಿಟ್ಟು ತಿಂದು ಕೈ ತೊಳೆದ ಮೇಲೆ ಅವರು ಅಪ್ಪನ ಎದುರು ಕೂತು ಹೇಳಿದರು: "ಯಜಮಾನರೇ, ನಾನು ಏನನ್ನೂ ಮುಚ್ಚಿಡೋದಿಲ್ಲ. ಹುಡುಗಿಗೆ ಚಿಕ್ಕಂದಿನಿಂದ ಉಬ್ಬಸ. ಮಿಕ್ಕಂತೆ ಗಟ್ಟಿಮುಟ್ಟಾಗಿದಾಳೆ. ಆದರೆ ಸೌದೆ ಹೊಗೆ ಆಗೋದಿಲ್ಲ, ಉಸಿರು ಕಟ್ಟುತ್ತೆ. ಅದಕ್ಕೇ ಮನೇಲಿ ಸ್ಟೌ ಇಟ್ಟಿದೀನಿ. ಅವಳ ಜೊತೆ ಒಂದು ಸ್ಟೌ ಕೊಟ್ಟು ಕಳಿಸ್ತೀನಿ. ನೀವು ಒಪ್ಪಿದರೆ ಮಾತ್ರ ಮುಂದಿನ ಮಾತು."

ಅವ್ವ ಅಪ್ಪನ ಕಡೆ ತಿರುಗಿ ಕಣ್ಣಿನಲ್ಲೇ ಬೇಡ ಎಂದಳು. ಅಪ್ಪನಿಗೆ ಆ ಮನುಷ್ಯ ಹಿಡಿಸಿಬಿಟ್ಟಿದ್ದರು. "ನೋಡಿ, ಸುಳ್ಳು ಏಳ್ದೆ ಎಣ್ಣು ತೋರ್ಸೋರು ಎಲ್ಲವ್ರೆ ಈ ಕಾಲ್ದಲ್ಲಿ? ನಿಮ್ ಮಗಳು ನಮ್ಮನೇಲಿ ಸೌದೆ ಒಲೆ ಮುಂದೆ ಕೂರಕಿಲ್ಲ. ಮಾತು ಕೊಟ್ಟಿವ್ನಿ ಕಣ್ರೀ" ಎಂದರು. ಅಣ್ಣ ಆಗಲೇ ಹುಡುಗಿಯ ಮುಖ ನೋಡಿ ಸೋತಿದ್ದ. ಅವನನ್ನು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಗಿರಿಜತ್ತಿಗೆಯ ಜೊತೆ ನಮ್ಮ ಮನೆ ತುಂಬಿದ ಆ ಸ್ಟೌ ನೋಡಲು ಊರೇ ಬಂತು. ಸೊಸೆಯನ್ನು ನೋಡಿದವರಿಗಿಂತ ಸ್ಟೌ ನೋಡಿದವರೇ ಹೆಚ್ಚು. ಅವ್ವ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಳು. ಸೀಮೆಎಣ್ಣೆಯ ವಾಸನೆ ಅಡುಗೆಮನೆಗೆ ಬರಕೂಡದು, ಜಂಗಮಯ್ಯನವರು ಊಟಕ್ಕೆ ಬಂದರೆ ಏನಂದುಕೊಂಡಾರು ಎಂದು ತಕರಾರು ಮಾಡಿದಳು. ಕೊನೆಗೆ ನಡುಮನೆಯ ಕಿಟಕಿಯ ಕೆಳಗಿನ ಮೂಲೆ ಸ್ಟೌವಿಗೆ ಗೊತ್ತಾಯಿತು. ಆ ಮೂಲೆ ಆಮೇಲೆ ಅತ್ತಿಗೆಯ ಮೂಲೆಯಾಯಿತು.

ನಮ್ಮ ಅವ್ವ ಹೆಗ್ಗಡದೇವನಕೋಟೆಯ ಕಡೆಯವಳು. ಅವಳ ತವರಿನಿಂದ ಕಾಕನಕೋಟೆ ಕಾಡು ದೂರವಿಲ್ಲ. ಸೌದೆಯ ವಿಷಯ ಬಂದರೆ ಅವಳನ್ನು ಹಿಡಿಯುವವರಿರಲಿಲ್ಲ. ಹೊಗೆಯ ವಾಸನೆ ನೋಡಿ ಇದು ಜಾಲಿ, ಇದು ದಿಂಡಿಗ, ಇದು ಯಾರೋ ಬೇಲಿಯಿಂದ ಕಿತ್ತು ತಂದ ಹಸಿ ಲಂಟಾನ ಎಂದು ಹೇಳುತ್ತಿದ್ದಳು. "ಒಣಗಿದ ದಿಂಡಿಗ ಆಕಿದ್ರೆ ಒಗೆ ಎಲ್ಲಿಂದ ಬಂದದು? ಈ ಬುಸ್‌ಬುಸ್ ಯಂತ್ರದಲ್ಲಿ ಮುದ್ದೆ ತಿರುವಿ ತೋರ್ಸಲಿ ನೋಡವ" ಎಂದು ಸವಾಲು ಹಾಕಿದಳು. ಅದು ನಿಜವೇ. ರಾಗಿಮುದ್ದೆ ತಿರುವುವುದು ಅಂದರೆ ಕುಸ್ತಿ. ಮಡಕೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು, ಇನ್ನೊಂದು ಕೋಲಿನಿಂದ ಭುಜದ ಬಲವೆಲ್ಲ ಹಾಕಿ ತಿರುವಬೇಕು. ಮೂರು ಕಾಲಿನ ಸ್ಟೌ ಮೇಲೆ ಹಾಗೆ ಮಾಡಲು ಹೋಗಿ ಅತ್ತಿಗೆ ಮೊದಲ ದಿನವೇ ಮಡಕೆ ಉರುಳಿಸಿದಳು. ಅಂಬಲಿ ನಡುಮನೆಯ ತುಂಬ ಹರಿಯಿತು. ಅಪ್ಪ ಹೊಸಿಲಲ್ಲಿ ನಿಂತು, "ಕೊನೆಗದ್ದೆ ತನಕ ಓಯ್ತಲ್ಲವ್ವ!" ಎಂದರು. ಅತ್ತಿಗೆ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದಳು.

ಮರುದಿನದಿಂದ ಅವಳೇ ಒಂದು ಉಪಾಯ ಹೂಡಿದಳು. ರಾಗಿಹಿಟ್ಟು ಸ್ಟೌ ಮೇಲೆ ಬೇಯುವುದು, ಆಮೇಲೆ ಮಡಕೆಯನ್ನು ನೆಲಕ್ಕಿಳಿಸಿ ಒದ್ದೆ ಗೋಣಿಯ ಮೇಲಿಟ್ಟು ಅವ್ವ ತಿರುವುವುದು. ಬಚ್ಚಲಿನ ಹಂಡೆಗೆ, ಆಳುಗಳ ಅಡುಗೆಗೆ ಸೌದೆಯೊಲೆ ಹಿಂದಿನಂತೆ ಅವ್ವನದೇ. ಅತ್ತಿಗೆ ಹಿತ್ತಲಿನಲ್ಲಿ ಬಟ್ಟೆ ಒಗೆದು, ಭತ್ತ ಕುಟ್ಟಿ, ನಮ್ಮೆಲ್ಲರಿಗಿಂತ ಹೆಚ್ಚಾಗಿಯೇ ಗೇಯುತ್ತಿದ್ದಳು. ಹೊಗೆ ಒಂದು ತಾಗದಿದ್ದರೆ ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಆಮೇಲೆ ನಮ್ಮ ಬಂಧುಗಳೇ ಕೆಲವರು "ಮೊದಲೇ ರೋಗಿಷ್ಟೆ" ಎಂದು ಮಾತಾಡಿದರು. ಅವರ ನಾಲಿಗೆಗೆ ಅಷ್ಟು ಬೆಂಕಿ ಬೀಳಲಿ.

ಅವ್ವನನ್ನು ಗೆದ್ದದ್ದು ಮಾತ್ರ ಕಾಫಿ. ಬೆಳಿಗ್ಗೆ ಒಲೆ ಹೊತ್ತಿಸಿ, ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡು ಕಾಫಿ ಕಾಣುವಷ್ಟರಲ್ಲಿ ಅವ್ವನಿಗೆ ತಲೆನೋವು ಬರುತ್ತಿತ್ತು. ಅತ್ತಿಗೆ ನಾಲ್ಕು ಸಲ ಪಂಪು ಹೊಡೆದರೆ ನೀಲಿ ಉರಿ ಬುಸ್ಸೆನ್ನುತ್ತಿತ್ತು, ಅವ್ವ ಹಲ್ಲುಜ್ಜಿ ಬರುವಷ್ಟರಲ್ಲಿ ಲೋಟ ಎದುರಿಗೆ. "ವಾಸ್ನೆ ಏನೋ ಒಡೀತದೆ, ಆದ್ರೂ ಕಾಫಿ ಕಾಫಿನೇ ಬುಡು" ಎಂದು ಅವ್ವ ಸೋತು ಒಪ್ಪಿಕೊಂಡಳು. ಅತ್ತೆ ಸೊಸೆ ಇಬ್ಬರೂ ಆ ಮೂಲೆಯಲ್ಲಿ ಎದುರುಬದುರು ಕೂತು ಕಾಫಿ ಕುಡಿಯುವಾಗ ನಮಗೆ ಯಾರಿಗೂ ಅಲ್ಲಿ ಜಾಗವಿರುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹೆತ್ತ ಮಗಳು ನಾನು, ಒಂದು ಗುಟುಕು ಉಳಿಸೋಣ ಎಂದು ಇಬ್ಬರಿಗೂ ಅನ್ನಿಸುತ್ತಿರಲಿಲ್ಲ.

ಹೀಗಿರುವಾಗ ಯುದ್ಧ ಬಂತು. ನಮಗಲ್ಲ, ಸೂಯೆಜ್ ಎಂಬ ಯಾವುದೋ ಊರಿಗೆ. ಭತ್ತ ತೆನೆ ಬಾಗುತ್ತಿದ್ದ ಕಾಲ. ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಯನ್ನು ಅಣ್ಣ ಅರಳಿಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಿದ್ದ. ಅಲ್ಲೊಂದು ಕಾಲುವೆ ಇದೆ, ಲೋಕದ ಹಡಗುಗಳೆಲ್ಲ ಅದರಲ್ಲೇ ಹೋಗಬೇಕು, ಯುದ್ಧದಲ್ಲಿ ಅದರೊಳಗೆ ಹಡಗು ಮುಳುಗಿಸಿ ದಾರಿ ಕಟ್ಟಿಬಿಟ್ಟಿದ್ದಾರೆ ಎಂದು ಓದಿದ. ಬೇರೆ ಊರಿನವರಾಗಿದ್ದರೆ ಹೌದಾ ಎಂದು ಎದ್ದು ಹೋಗುತ್ತಿದ್ದರು. ನಮ್ಮವರು ನಾಲೆಯ ಜನ. ಕಾಲುವೆ ಎಂದ ಕೂಡಲೇ ಎಲ್ಲರಿಗೂ ಎಲ್ಲ ಗೊತ್ತು.

"ಯಾರಪ್ಪ ಅಲ್ಲಿ ನೀರಗಂಟಿ? ಅವ್ನು ಏನ್ ಕತ್ತೆ ಕಾಯ್ತಿದ್ನಾ?" ಎಂದು ಒಬ್ಬರು.

"ನೀರಗಂಟಿ ಏನ್ ಮಾಡಾನು? ಮೇಲ್ಗದ್ದೆಯೋರ ಕಿತಾಪತಿ ಕಣ್ಲಾ ಇದು" ಎಂದು ಇನ್ನೊಬ್ಬರು.

ಅಪ್ಪ ಎಲ್ಲವನ್ನೂ ಕೇಳಿ ಗಂಟಲು ಸರಿಮಾಡಿಕೊಂಡು ಹೇಳಿದರು: "ನಾಲೆಗೆ ಊಳು ಬಿದ್ದದೆ. ಅಷ್ಟೇಯ. ನಮ್ ನಾಲೇಲೂ ವರ್ಷಾ ವರ್ಷಾ ಬೀಳಕಿಲ್ವಾ? ನೀರು ನಿಲ್ಲಿಸ್ತಾರೆ, ಊಳು ತಗೀತಾರೆ, ಮತ್ತೆ ತೂಬು ಎತ್ತಾರೆ. ಎಲ್ಲಾ ನಾಲೆಗೂ ಒಂದೇ ನ್ಯಾಯ. ಸಂಕ್ರಾಂತಿ ಒತ್ಗೆ ಸರಿ ಓಯ್ತದೆ, ತಿಳ್ಕೊಳಿ."

ಅಪ್ಪನ ಮಾತಿಗೆ ಎದುರಿರಲಿಲ್ಲ. ಸೂಯೆಜ್ ಕಾಲುವೆಯನ್ನು ನಮ್ಮೂರಿನ ಅರಳಿಕಟ್ಟೆ ಸಂಕ್ರಾಂತಿಗೆ ತೆರೆದುಬಿಟ್ಟಿತು.

ಆದರೆ ಅಂಗಡಿಯ ಸೋಮಣ್ಣನ ಸೀಮೆಎಣ್ಣೆಯ ಪೀಪಾಯಿ ಅಷ್ಟರಲ್ಲೇ ಬರಿದಾಯಿತು. ಭೇರ್ಯದಲ್ಲೂ ಇಲ್ಲ, ಕೃಷ್ಣರಾಜನಗರದಲ್ಲಿ ಸಾಲು ನಿಂತರೂ ಸಿಕ್ಕರೆ ಸಿಕ್ಕಿತು. ನಮ್ಮ ಮನೆಯಲ್ಲಿ ಮಾತ್ರ ಒಂದು ತುಂಬಿದ ಡಬ್ಬವಿತ್ತು. ಅತ್ತಿಗೆಗೆ ಬೇಕಾಗುತ್ತದೆ ಎಂದು ಅಪ್ಪ ಯಾವಾಗಲೂ ಒಂದು ಡಬ್ಬ ಮುಂಗಡವಾಗಿ ತಂದಿಡುತ್ತಿದ್ದರು. ಕೊಟ್ಟ ಮಾತಿನ ಗುರುತು ಅದು. ಕಿಟಕಿಯ ಕೆಳಗೆ, ಸ್ಟೌವಿನ ಪಕ್ಕದಲ್ಲಿ ಕೂತಿರುತ್ತಿತ್ತು.

ಒಂದು ಸಂಜೆ ಕೆಂಪವ್ವ ಬಂದಳು. ನಾಲೆಯ ಕಟ್ಟಕಡೆಯ ಗದ್ದೆ ಅವಳದು, ಊರಿನ ಕಟ್ಟಕಡೆಯ ಮನೆಯೂ ಅವಳದೇ. ಕೈಯಲ್ಲಿ ಖಾಲಿ ಸೀಸೆ. "ಯಜಮಾನ್ರೇ, ಸೊಸೆ ಎತ್ತವಳೆ. ಬಾಣಂತಿ ಕ್ವಾಣೇಲಿ ಬುಡ್ಡಿ ಅಚ್ಚಕೂ ಎಣ್ಣೆ ಇಲ್ಲ. ಕತ್ಲಲ್ಲಿ ಕೂಸಿನ ಮೇಲೆ ಉಳಾನೋ ಉಪ್ಪಟೇನೋ ಅರಿದ್ರೂ ಕಾಣಕಿಲ್ಲ. ವಸಿ ಬುಟ್ಕೊಡಿ" ಎಂದಳು. ಅವಳ ಹಿಂದೆ ಇನ್ನೂ ನಾಲ್ಕಾರು ಸೀಸೆಗಳು ಬೀದಿಯಲ್ಲಿ ನಿಂತಿದ್ದವು.

ಅಪ್ಪ ಜಗಲಿಯ ಮೇಲೆ ಕೂತಿದ್ದರು. ಹೆಚ್ಚು ಯೋಚಿಸಲಿಲ್ಲ. ಅವರಿಗೆ ಇದು ಹೊಸ ಲೆಕ್ಕವೇ ಅಲ್ಲ. "ನೀರು ಕಮ್ಮಿಯಾದಾಗ ಏನ್ ಮಾಡ್ತೀವಿ? ಮೇಲ್ಗದ್ದೆಯೋನು ಮೊದ್ಲು ತೂಬು ಮುಚ್ಚಬೇಕು. ಇವತ್ತು ಊರಲ್ಲಿ ಮೇಲ್ಗದ್ದೆ ಯಾರ್ದು? ನಮ್ದು. ಗಿರಿಜಾ, ಡಬ್ಬ ತತ್ತಾರವ್ವ" ಎಂದರು.

ಅವ್ವ ಒಳಗಿನಿಂದ, "ಅದು ಅವಳದ್ದು ಕಣ್ರೀ!" ಎಂದು ಕೂಗಿದಳು.

"ನಾಲೆ ತೆಗುದ್ರೆ ಇನ್ನೊಂದು ಡಬ್ಬ ತತ್ತೀನಿ. ಅಲ್ಲೀಗಂಟ ನಾಕು ದಿನ" ಎಂದರು ಅಪ್ಪ.

ಅತ್ತಿಗೆ ಡಬ್ಬ ತಂದಳು. ಆಲಿಕೆ ಇಟ್ಟು ಒಂದು ತೊಟ್ಟೂ ಚೆಲ್ಲದಂತೆ ಅವಳೇ ಸೀಸೆ ಸೀಸೆಗೆ ಹುಯ್ದಳು. ಊರು ಅಪ್ಪನನ್ನು ಹೊಗಳಿತು. ಎಲ್ಲರೂ ಹೋದ ಮೇಲೆ ಆಲಿಕೆಯನ್ನು ಒರೆಸುತ್ತಾ ಅತ್ತಿಗೆ ನನಗೆ ಹೇಳಿದಳು: "ಮಾವನವರು ಮಾಡಿದ್ದು ಸರಿಯೇ ಅಲ್ವಾ ರಾಜಿ? ಪಾಪ, ಬಾಣಂತಿ ಕತ್ತಲೇಲಿ ಹೇಗಿರ್ತಾಳೆ?" ಅವಳು ಆ ಪ್ರಶ್ನೆಯನ್ನು ತನಗೇ ಕೇಳಿಕೊಂಡಳೋ ಏನೋ. ನಾನು ಸರಿ ಎಂದೆ. ನನಗೂ ಅದು ಸರಿಯಾಗಿಯೇ ಕಂಡಿತ್ತು. ಇವತ್ತಿಗೂ, ಕೆಂಪವ್ವನ ಮೊಮ್ಮಗುವನ್ನು ನೆನೆದರೆ, ತಪ್ಪು ಎನ್ನಲು ಬಾಯಿ ಬರುವುದಿಲ್ಲ. ನೀರಾದರೆ ಮುಂದಿನ ಮಳೆಗೆ ತಿರುಗಿ ಬರುತ್ತದೆ. ಎಣ್ಣೆ ಉರಿದರೆ ಹೋಯಿತು. ನಾಲೆಯ ನ್ಯಾಯವನ್ನು ನಮ್ಮಪ್ಪ ಡಬ್ಬಕ್ಕೆ ತಂದರು. ಮತ್ತೆ ಇನ್ನೊಂದು: ಊರಿನ ಮೇಲ್ಗದ್ದೆ ಯಾವುದು ಎಂದು ನೋಡಿದರೇ ಹೊರತು ನಮ್ಮ ಮನೆಯೊಳಗಿನ ಕೊನೆಗದ್ದೆ ಯಾರು ಎಂದು ನೋಡಲಿಲ್ಲ.

ಡಬ್ಬದ ತಳದಲ್ಲಿ ಉಳಿದದ್ದು ಬೇಗ ಮುಗಿಯಿತು. ಸ್ಟೌ ತಣ್ಣಗಾಯಿತು. ಮೊದಮೊದಲು ಅವ್ವ, "ನೀ ಅಡುಗೆಮನೆ ಕಡೆ ತಲೆ ಆಕಬ್ಯಾಡ, ನಾನ್ ಮಾಡ್ತೀನಿ" ಎಂದು ಒಬ್ಬಳೇ ನಿಭಾಯಿಸಿದಳು. ಅಷ್ಟರಲ್ಲಿ ಕೊಯ್ಲು ಬಂತು. ಕೊಯ್ಲಿನ ಆಳುಗಳಿಗೆ ಎರಡು ಹೊತ್ತು ಮುದ್ದೆ, ಸಾರು. ಅವ್ವನ ಮೊಣಕಾಲು ಊದಿಕೊಂಡಿತು. ನಾನು ಕೈ ಹಾಕಿದೆ, ನನ್ನ ಮುದ್ದೆಯನ್ನು ಆಳುಗಳು ನಾಯಿಗೆ ಹಾಕಿದರು. ನಾಯಿಯೂ ಯೋಚನೆ ಮಾಡಿತು. ಒಂದು ದಿನ ಅತ್ತಿಗೆ ಸೆರಗು ಬಿಗಿದು ಒಲೆಯ ಮುಂದೆ ಕೂತಳು. "ಅತ್ತೆ ಒಬ್ಬರೇ ಎಷ್ಟು ಅಂತ ಮಾಡ್ತಾರೆ? ಸ್ವಲ್ಪ ಹೊತ್ತು ತಾನೇ, ಪರವಾಗಿಲ್ಲ" ಎಂದಳು.

ಒಣಸೌದೆಯಾದರೂ ಸಿಕ್ಕಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ. ಹೆಗ್ಗಡದೇವನಕೋಟೆಯ ಕಡೆಯಿಂದ ಪ್ರತಿವರ್ಷ ಬರುತ್ತಿದ್ದ ಸೌದೆ ಗಾಡಿಗಳು ಆ ವರ್ಷ ನಮ್ಮ ಕಡೆ ತಲೆ ಹಾಕಲಿಲ್ಲ. ಪಟ್ಟಣದಲ್ಲಿ ಸ್ಟೌ ಇಟ್ಟುಕೊಂಡಿದ್ದವರೆಲ್ಲ ಮತ್ತೆ ಸೌದೆಗೆ ಇಳಿದಿದ್ದರಿಂದ ಹುಣಸೂರಿನಲ್ಲೇ ಗಾಡಿ ಖಾಲಿಯಾಗುತ್ತಿತ್ತು. ಅವ್ವ ತವರಿಗೆ ಹೇಳಿ ಕಳಿಸಿದಳು, "ಗಾಡಿ ಬಾಡಿಗೆಗೆ ಸಿಗಾಕಿಲ್ಲ" ಎಂದು ಉತ್ತರ ಬಂತು. ಕಾಡಿನ ಹತ್ತಿರ ಹುಟ್ಟಿದವಳಿಗೆ ಒಂದು ಕಟ್ಟು ದಿಂಡಿಗ ಸಿಗಲಿಲ್ಲ. ನಮಗೆ ಉಳಿದದ್ದು ಕಬ್ಬಿನ ರವುದಿ, ಹಸಿ ಲಂಟಾನ, ಇಬ್ಬನಿಗೆ ನೆನೆದ ಬೆರಣಿ. ಅಡುಗೆಮನೆಯಲ್ಲಿ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಬೆಳಗಿನ ಹೊತ್ತು ಅತ್ತಿಗೆಯ ಎದೆಯಿಂದ ಸಣ್ಣಗೆ ಸಿಳ್ಳೆ ಹೊಡೆದ ಹಾಗೆ ಸದ್ದು ಬರುತ್ತಿತ್ತು. ಎರಡು ಮಾತು ಆಡಿ ಮೂರನೆಯದಕ್ಕೆ ನಿಲ್ಲುತ್ತಿದ್ದಳು. ಆಡುಸೋಗೆ ಕಷಾಯ ಆಯಿತು, ಮೆಣಸು ಜೇನು ಆಯಿತು. ಡಾಕ್ಟರು ಸೂಜಿ ಚುಚ್ಚಿ, "ಹೊಗೆ ತಪ್ಪಿಸಿ" ಎಂದರು. ಅದನ್ನು ಹೇಳಲು ಡಾಕ್ಟರೇ ಬೇಕಿತ್ತೇ?

ಆಗ ನಮ್ಮಪ್ಪ ಸೀಸೆ ಹಿಡಿದು ಹೊರಟರು. ಯಾರ ಮನೆಯ ಹೊಸಿಲಲ್ಲೂ ಕೈ ಚಾಚದ ಮನುಷ್ಯ, ಜರಿಯಂಚಿನ ಪೇಟ ಕಟ್ಟಿಕೊಂಡು, ಚೀಲದಲ್ಲಿ ಖಾಲಿ ಸೀಸೆ ಇಟ್ಟುಕೊಂಡು ಕೃಷ್ಣರಾಜನಗರ, ಹುಣಸೂರು ಎಂದು ಅಲೆದರು. ಸಾಲಿನಲ್ಲಿ ನಿಂತರು. ಪಿರಿಯಾಪಟ್ಟಣದಲ್ಲಿ ದೂರದ ನೆಂಟರೊಬ್ಬರು ದೊಡ್ಡ ಮನಸ್ಸು ಮಾಡಿ ಸೀಸೆ ತುಂಬಿಸಿ ಕೊಟ್ಟರು. ಬಿರಡೆ ಇರಲಿಲ್ಲ, ಕಾಗದ ಸುತ್ತಿ ತುರುಕಿದ್ದರು. ಬಸ್ಸಿನ ಕುಲುಕಾಟಕ್ಕೆ ಅರ್ಧ ಸುರಿದು ಅಪ್ಪನ ಪಂಚೆಯೇ ಕುಡಿದಿತ್ತು. ಆ ಪಂಚೆಯನ್ನು ಅಪ್ಪ ಹಿತ್ತಲಿನಲ್ಲಿ ನಿಂತು ಹಿಂಡಿದರು. ಎರಡು ತೊಟ್ಟಾದರೂ ಬರುತ್ತದೇನೋ ಎಂದು. ನಾನು ನೋಡಿದೆ, ನೋಡದವಳ ಹಾಗೆ ಒಳಗೆ ಹೋದೆ.

ಉಳಿದರ್ಧ ಸೀಸೆಯಲ್ಲಿ ಅತ್ತಿಗೆಗೆ ಕೆಲವು ದಿನ ಉಸಿರು ಬಂತು. ಅತ್ತೆ ಸೊಸೆ ಮತ್ತೆ ಮೂಲೆಯಲ್ಲಿ ಕೂತು ಕಾಫಿ ಕುಡಿದರು. ಅದೂ ಮುಗಿಯಿತು.

ಅಷ್ಟರಲ್ಲಿ ಸುದ್ದಿ ತಿಳಿದು ಕೆಂಪವ್ವ ಓಡಿ ಬಂದಳು. ಅದೇ ಸೀಸೆ. ಒಳಗೆ ಅವಳೇ ಗಾಣಕ್ಕೆ ಹಾಕಿಸಿದ ಹೊಂಗೆಯೆಣ್ಣೆ. "ಸೀಮೆಎಣ್ಣೆ ಎಲ್ಲೂ ಇಲ್ಲ ಕಣವ್ವ. ಇದೂ ದೀಪಕ್ಕೆ ಉರೀತದೆ, ಅದ್ಕೂ ಉರಿದದು. ಆಕಿ ನೋಡಿ. ನನ್ ಸೊಸೆಗೆ ಬೆಳಕು ಕೊಟ್ಟ ತಾಯಿ ಅವಳು" ಎಂದು ಸೆರಗಿನಲ್ಲಿ ಕಣ್ಣೊರೆಸಿದಳು. ಅವ್ವನಿಗೂ ಅದು ನ್ಯಾಯವಾಗಿ ಕಂಡಿತು. ಅತ್ತಿಗೆ ಮಲಗಿದ್ದಳು. ಅವ್ವ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಸ್ಟೌವಿಗೆ ಸುರಿದು ಪಂಪು ಹೊಡೆದಳು. ಅದುವರೆಗೆ ಸ್ಟೌ ಮುಟ್ಟದಿದ್ದ ಕೈ ಅದು. ಗಟ್ಟಿ ಎಣ್ಣೆ ಮೇಲೇರಿ ಬಾಯಿ ಕಚ್ಚಿಕೊಂಡಿತು. ಕಪ್ಪು ಹೊಗೆ, ಆಮೇಲೆ ಏನೂ ಇಲ್ಲ. ಅವ್ವ ಪಿನ್ನು ತೆಗೆದು ಚುಚ್ಚಿದಳು. ಅಳುತ್ತಾ ಚುಚ್ಚಿದಳು. "ಉಸ್ರಾಡೇ, ವಸಿ ಉಸ್ರಾಡೇ" ಎಂದು ಸ್ಟೌವನ್ನು ಬೇಡಿಕೊಳ್ಳುತ್ತಿದ್ದಳು. ತಂತಿ ಸೊಟ್ಟಗಾಯಿತು. ನಾನು ಅವಳ ಕೈಯಿಂದ ಪಿನ್ನು ಕಸಿದುಕೊಂಡೆ. ಅದೇ ಇದು.

ಸಂಕ್ರಾಂತಿಗೆ ಅತ್ತಿಗೆಯ ತಂದೆ ಎಳ್ಳು ಬೆಲ್ಲ ಹಿಡಿದು ಬಂದರು. ಬಾಗಿಲಲ್ಲೇ ಮಗಳ ಎದೆಯ ಸದ್ದು ಕೇಳಿತು. ಜಗಳವಾಡುವ ಮನುಷ್ಯರಲ್ಲ. ಸ್ಟೌ ನೋಡಿದರು, ಖಾಲಿ ಡಬ್ಬ ನೋಡಿದರು. "ಯಜಮಾನರೇ, ಮಾತು ಕೊಟ್ಟಿದ್ರಿ" ಎಂದರು, ಮಗಳನ್ನು ಮೈಸೂರಿಗೆ ಕರೆದುಕೊಂಡು ಹೊರಟರು. ಅಪ್ಪ ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. "ನಾಲೆ ತೆಗೀಲಿ. ತೆಗುದ್ ದಿನಾನೇ ನಾನೇ ಬಂದು ಕರ್ಕೊಂಡ್ ಬತ್ತೀನಿ" ಎಂದರು. ಅತ್ತಿಗೆ ಗಾಡಿ ಹತ್ತುವಾಗ ನಿಂತು ನಿಂತು ಉಸಿರೆಳೆದುಕೊಂಡು, "ಸ್ಟೌ ಇಲ್ಲೇ ಇರಲಿ ಅಪ್ಪಾ, ಬಂದು ಬಾಯಿ ಬಿಡಿಸ್ತೀನಿ" ಎಂದಳು. ಅವ್ವ ಗಾಡಿಯ ಹಿಂದೆ ನಾಲೆಯ ಸೇತುವೆಯವರೆಗೂ ಕುಂಟುತ್ತಾ ಹೋದಳು.

ಅಲ್ಲಿಂದ ಮುಂದೆ ಅಪ್ಪ ದಿನವೂ ಅಣ್ಣನನ್ನು ಕೇಳುತ್ತಿದ್ದುದು ಒಂದೇ: "ತೆಗುದ್ರಾ?" ಅಣ್ಣ ಪತ್ರಿಕೆ ಮಡಿಸಿಟ್ಟು ಇಲ್ಲವೆಂದು ತಲೆಯಾಡಿಸುತ್ತಿದ್ದ. ಯುದ್ಧ ಎಂದೋ ನಿಂತಿತ್ತು, ಹೂಳು ಮಾತ್ರ ತೆಗೆದಷ್ಟೂ ಮುಗಿಯಲಿಲ್ಲ. ನಮ್ಮ ನಾಲೆಯ ನೀರೂ ಬೇಸಿಗೆಗೆ ನಿಂತಿತು. ಅಣ್ಣ ವಾರಕ್ಕೊಮ್ಮೆ ಮೈಸೂರಿಗೆ ಹೋಗಿ ಬಂದು ಅಡ್ಡ ಮಲಗುತ್ತಿದ್ದ.

ಕೊನೆಗೊಂದು ದಿನ ತೆಗೆದರು. ಸೂಯೆಜಿನಲ್ಲಿ ಹಡಗು ಓಡಿತು ಎಂದು ಪತ್ರಿಕೆಯಲ್ಲಿ ಬಂತು. ಅಪ್ಪ ಅಂದೇ ಸೋಮಣ್ಣನ ಅಂಗಡಿಗೆ ಹೋಗಿ, ಅವನು ಎಲ್ಲಿಂದ ತೆಗೆದನೋ ಶಿವನಿಗೇ ಗೊತ್ತು, ಒಂದು ತುಂಬಿದ ಡಬ್ಬ ಹೊತ್ತು ತಂದು ಕಿಟಕಿಯ ಕೆಳಗಿಟ್ಟರು. ಪೇಟ ಕಟ್ಟಿಕೊಂಡು ಮೈಸೂರಿನ ಬಸ್ಸು ಹತ್ತಿದರು. ಅವ್ವ ಆ ಮೂಲೆಯನ್ನು ಸಾರಿಸಿ ರಂಗೋಲಿ ಎಳೆದಳು.

ಅಪ್ಪ ಮರುದಿನ ಒಬ್ಬರೇ ಬಂದರು. ಗಿರಿಜತ್ತಿಗೆ ಅಪ್ಪ ಹೋಗುವ ಹಿಂದಿನ ದಿನವೇ ತೀರಿಕೊಂಡಿದ್ದಳು. ಸುದ್ದಿ ತಂದ ಮನುಷ್ಯನೂ ಅಪ್ಪನೂ ದಾರಿಯಲ್ಲಿ ಒಬ್ಬರನ್ನೊಬ್ಬರು ದಾಟಿಕೊಂಡು ಹೋಗಿದ್ದರು. ಅಪ್ಪ ಹೋದಾಗ ಮಣ್ಣು ಮಾಡಿ ಬಂದು ಎಲ್ಲರೂ ಕೂತಿದ್ದರಂತೆ. "ನಾಲೆ ತೆಗುದ್ರು ಅಂತ ಏಳಕ್ಕೆ ಬಂದೆ" ಎಂದಷ್ಟೇ ಹೇಳಿದರಂತೆ.

ನನ್ನನ್ನು ಮದುವೆ ಮಾಡಿ ಹುಣಸೂರಿಗೆ ಕೊಟ್ಟರು. ನನ್ನ ಗಂಡ ಮೇಷ್ಟರು. ಒಂದು ಸಲ ಈ ಕಥೆ ಹೇಳಿದಾಗ ಅವರು ಭೂಪಟ ಹರಡಿ, ನಮ್ಮ ದೇಶಕ್ಕೆ ಎಣ್ಣೆ ಆ ಕಾಲುವೆಯಲ್ಲಿ ಬರುತ್ತಲೇ ಇರಲಿಲ್ಲ, ಅದು ಕಾಲುವೆಯ ಈಚೆ ಕಡೆಯೇ ಸಿಗುತ್ತದೆ, ಕಾಲುವೆಯಲ್ಲಿ ಓಡುತ್ತಿದ್ದ ಹಡಗುಗಳು ಸುತ್ತುದಾರಿ ಹಿಡಿದದ್ದರಿಂದ ಹಡಗಿಗೆ ಬರ ಬಂತು, ಮಿಕ್ಕದ್ದನ್ನು ಜನರ ಭಯವೂ ಅಂಗಡಿಯವರ ಆಸೆಯೂ ಮಾಡಿದವು ಎಂದು ಬೆರಳಿಟ್ಟು ತೋರಿಸಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಮಡಚಿ ನಿಮ್ಮ ಭೂಪಟ!" ಎಂದುಬಿಟ್ಟೆ. ಪಾಪ, ಅವರೇನು ಮಾಡಿದ್ದರು? ನಮ್ಮದಲ್ಲದ ಯುದ್ಧ, ನಮ್ಮದಲ್ಲದ ಕಾಲುವೆ. ಉಸಿರು ಮಾತ್ರ ನಮ್ಮ ಮನೆಯದು.

ಅಪ್ಪ ನಾಲೆಯ ಸರದಿ ಹೇಳುವುದನ್ನು ಬಿಡಲಿಲ್ಲ. ಬಿಡಲು ಊರು ಬಿಡಬೇಕಲ್ಲ. ಆದರೆ ಆ ಡಬ್ಬ ಕಿಟಕಿಯ ಕೆಳಗೇ ಇತ್ತು. ನಾನು ಬಾಣಂತನಕ್ಕೆ ತವರಿಗೆ ಹೋದಾಗಲೂ ಇತ್ತು. ತಳಕ್ಕೆ ತುಕ್ಕು ಹಿಡಿದು ಸಣ್ಣಗೆ ಸೋರಿ ಆ ಮೂಲೆಯ ನೆಲವೆಲ್ಲ ಎಣ್ಣೆಯ ವಾಸನೆ. ಮೂಗು ಮುಚ್ಚಿಕೊಳ್ಳುತ್ತಿದ್ದ ಅವ್ವ ಬೆಳಗಿನ ಕಾಫಿಯ ಲೋಟ ಹಿಡಿದು ಅಲ್ಲೇ ಹೋಗಿ ಕೂರುತ್ತಿದ್ದಳು. ಒಂದು ಸಂಜೆ ನನ್ನ ಕೂಸಿಗೆ ಮೈ ಬಿಸಿಯಾಯಿತು. ಲಾಟೀನಿನಲ್ಲಿ ಎಣ್ಣೆಯಿರಲಿಲ್ಲ, ಸೋಮಣ್ಣನ ಅಂಗಡಿ ಮುಚ್ಚಿತ್ತು. ಅಣ್ಣ ಲಾಟೀನು ಹಿಡಿದು ಡಬ್ಬದ ಹತ್ತಿರ ಬಗ್ಗಿದ. ಜಗಲಿಯಲ್ಲಿದ್ದ ಅಪ್ಪ ಎದ್ದು ಒಳಗೆ ಬಂದರು. ಗದರಲಿಲ್ಲ.

"ಪಕ್ಕದ ಮನೇಲಿ ಕೇಳಿ ಈಸ್ಕೊಂಡ್ ಬತ್ತೀನಿ, ತಡಿ" ಎಂದು ಅಣ್ಣನ ಕೈಯಿಂದ ಲಾಟೀನು ತೆಗೆದುಕೊಂಡರು. "ಅದ ಮುಟ್ಟಬ್ಯಾಡ ಕಣಪ್ಪ. ಅದು ಗಿರಿಜಾನ ಸರದಿ."